ಮನೆಯವರ ಫೋಟೊ ಚೆನ್ನಾಗಿ ತೆಗೆಯುವುದು ಹೇಗೆ?

 

ಈ ಸಲದ ಗೋಡೆ ಪತ್ರಿಕೆಗೆ ನಾನು ಫೋಟೊ ತೆಗೆಯುವ ವಿಷಯ ಆರಿಸಿಕೊಂಡಿದ್ದೇನೆ. ಯಾಕೆಂದರೆ ಈಗ ನಮ್ಮೂರಲ್ಲಿ ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಕ್ಯಾಮರಾ ಇರುವ ಫೋನ್ ಐತೆ. ನಮ್ಮ ಅಪ್ಪಾಜಿ ಚಿಕ್ಕವರಿದ್ದಾಗ ಹಂಗಿರಲಿಲ್ಲವಂತೆ. ಫೋಟೊ ಬೇಕು ಅಂದರೆ ಚನ್ನಗಿರಿಗೆ ಬಸ್ ಹತ್ತಿ ಹೋಗಿ, ಸ್ಟುಡಿಯೋದಲ್ಲಿ ತಲೆ ಬಾಚಿಕೊಂಡು, ಪೌಡರ್ ಹಚ್ಚಿಕೊಂಡು ಕೂರಬೇಕಿತ್ತು. ಕ್ಯಾಮರಾಕ್ಕೆ ರೀಲು ಹಾಕಬೇಕು. ಒಂದು ರೀಲಿಗೆ 36 ಫೋಟೊ, ಅಷ್ಟೇ. ತೊಳೆಸಿದ ಮೇಲೇ ಗೊತ್ತಾಗುವುದು, ಯಾರು ಕಣ್ಣು ಮುಚ್ಚಿದ್ದಾರೆ, ಯಾರ ತಲೆ ಅರ್ಧ ಕಟ್ಟಾಗಿದೆ ಅಂತ. ಅದಕ್ಕೇ ಒಂದೊಂದು ಫೋಟೊವನ್ನೂ ಯೋಚನೆ ಮಾಡಿ ತೆಗೆಯುತ್ತಿದ್ದರು.

ಈಗ ಒಂದೇ ದಿನಕ್ಕೆ ನೂರು ಫೋಟೊ ತೆಗೆಯಬಹುದು. ಆದರೆ ನಾನು ನಿಮಗೆ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ಅಜ್ಜ ಅಜ್ಜಿಯರ ಒಂದು ಒಳ್ಳೆ ಫೋಟೊ ನಿಮ್ಮಲ್ಲಿ ಇದೆಯಾ? ನಾನು ನಮ್ಮ ಕ್ಲಾಸಿನಲ್ಲಿ ಕೇಳಿ ನೋಡಿದೆ. ಸೂಳೆಕೆರೆಗೆ ಹೋದಾಗ ತೆಗೆದ ಸೆಲ್ಫಿ ಎಲ್ಲರ ಹತ್ತಿರ ಇದ್ದವು. ಹೊಸ ಬೈಕಿನ ಫೋಟೊ, ನಾಯಿಮರಿ ಫೋಟೊ, ಬರ್ತಡೇ ಕೇಕಿನ ಫೋಟೊ ಇದ್ದವು. ಅಜ್ಜಿ ಫೋಟೊ ಎಲ್ಲಿ ಅಂದರೆ ಬಹಳ ಜನ "ಆಧಾರ್ ಕಾರ್ಡಿನಾಗೆ ಐತೆ" ಅಂದರು.

ನಮ್ಮ ಬೀದಿಯ ಒಂದು ಮನೆಯಲ್ಲಿ ಹೋದ ವರ್ಷ ಅಜ್ಜ ತೀರಿಕೊಂಡರು. ಗೋಡೆಗೆ ಹಾಕಲು ಫೋಟೊ ಹುಡುಕಿದರೆ ಸರಿಯಾದದ್ದು ಒಂದೂ ಸಿಗಲಿಲ್ಲ. ಕೊನೆಗೆ ವೋಟರ್ ಕಾರ್ಡಿನ ಚಿಕ್ಕ ಫೋಟೊವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಆ ಅಜ್ಜ ಯಾವಾಗಲೂ ನಗುತ್ತಾ ಇದ್ದವರು. ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡು ಕಟ್ಟೆ ಮೇಲೆ ಕೂತು ಎಲ್ಲ ಮಕ್ಕಳನ್ನೂ ಮಾತಾಡಿಸುತ್ತಿದ್ದರು. ಕಟ್ಟಿನಲ್ಲಿ ನೋಡಿದರೆ ವಸ್ತ್ರವೂ ಇಲ್ಲ, ನಗುವೂ ಇಲ್ಲ. ಮುಖವೆಲ್ಲ ಮಸುಕು ಮಸುಕು. ಅವರ ಚಿಕ್ಕ ಮೊಮ್ಮಗಳು "ಇದು ನಮ್ಮಜ್ಜ ಅಲ್ಲ" ಅಂದುಬಿಟ್ಟಳು. ಆ ಮನೆಯಲ್ಲಿ ಫೋನುಗಳು ಮೂರು ಇದ್ದವು.

ಆದ್ದರಿಂದ ನಾನು ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬ ಮಾಮನನ್ನೂ ನಮ್ಮ ವಿಜ್ಞಾನದ ಟೀಚರನ್ನೂ ಕೇಳಿ, ಪುಸ್ತಕ ಓದಿ, ಮನೆಯಲ್ಲಿ ಮಾಡಿ ನೋಡಿ, ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ದುಬಾರಿ ಕ್ಯಾಮರಾ ಬೇಡ. ಅವ್ವನ ಫೋನ್ ಸಾಕು.

ಫೋಟೊ ಅಂದರೆ ಏನು?

ಫೋಟೊಗ್ರಫಿ ಎಂಬುದು ಗ್ರೀಕ್ ಭಾಷೆಯಿಂದ ಬಂದ ಪದ. ಬೆಳಕಿನಿಂದ ಬರೆಯುವುದು ಎಂದು ಅದರ ಅರ್ಥ. ಕನ್ನಡದಲ್ಲಿ ನಾವು ಛಾಯಾಚಿತ್ರ ಎನ್ನುತ್ತೇವೆ. ಛಾಯೆ ಅಂದರೆ ನೆರಳು. ಅವರು ಬೆಳಕಿನ ಹೆಸರು ಇಟ್ಟರು, ನಾವು ನೆರಳಿನ ಹೆಸರು ಇಟ್ಟೆವು. ಫೋಟೊಕ್ಕೆ ಎರಡೂ ಬೇಕು.

ಕ್ಯಾಮರಾ ಅಂದರೆ ಒಂದು ಕತ್ತಲೆ ಪೆಟ್ಟಿಗೆ. ಅದಕ್ಕೆ ಬೆಳಕು ಒಳಗೆ ಬರಲು ಒಂದು ಚಿಕ್ಕ ಕಿಂಡಿ. ಬೆಳಕು ನೇರವಾಗಿ ಚಲಿಸುತ್ತದೆ ಎಂದು ನಾವು ಪಾಠದಲ್ಲಿ ಓದಿದ್ದೇವೆ. ಮನುಷ್ಯನ ತಲೆಯಿಂದ ಬಂದ ಬೆಳಕು ಕಿಂಡಿಯಲ್ಲಿ ನುಗ್ಗಿ ಕೆಳಕ್ಕೆ ಹೋಗುತ್ತದೆ. ಕಾಲಿನಿಂದ ಬಂದ ಬೆಳಕು ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ.

ಇದನ್ನು ನೋಡಬೇಕೆಂದರೆ ಹಂಪಿಗೆ ಹೋಗಬೇಕು. ಅಲ್ಲಿ ವಿರೂಪಾಕ್ಷ ದೇವಸ್ಥಾನದ ಒಳಗೆ ಒಂದು ಕತ್ತಲೆ ಜಾಗದಲ್ಲಿ ಗೋಡೆಯ ಮೇಲೆ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರಿಗೆ ಒಂದು ಚಿಕ್ಕ ಕಿಂಡಿ ಇದೆ. ಕೆಲವರು ಅದನ್ನು ಪವಾಡ ಎನ್ನುತ್ತಾರೆ. ಆದರೆ ಅದು ನಮ್ಮ ಪಾಠದ ಸೂಜಿರಂಧ್ರ ಕ್ಯಾಮರಾವೇ. ದೇವಸ್ಥಾನದಷ್ಟು ದೊಡ್ಡದು, ಅಷ್ಟೇ ವ್ಯತ್ಯಾಸ.

ಮನೆಯಲ್ಲೂ ಮಾಡಬಹುದು. ಒಂದು ಚಪ್ಪಲಿ ಡಬ್ಬ ತೆಗೆದುಕೊಳ್ಳಿ. ಒಂದು ತುದಿಗೆ ಸೂಜಿಯಿಂದ ತೂತು ಮಾಡಿ. ಎದುರು ತುದಿಯನ್ನು ಕತ್ತರಿಸಿ ತೆಗೆದು, ಕೊಬ್ಬರಿ ಎಣ್ಣೆ ಸವರಿದ ಬಿಳಿ ಹಾಳೆ ಅಂಟಿಸಿ. ಮುಚ್ಚಳ ಹಾಕಿ. ಈಗ ತಲೆ ಮೇಲೆ ಕಂಬಳಿ ಹೊದ್ದು, ಬಿಸಿಲು ಬಿದ್ದಿರುವ ಎದುರು ಮನೆಯ ಕಡೆಗೆ ತೂತು ತಿರುಗಿಸಿ ಹಾಳೆ ನೋಡಿ. ಮನೆ ತಲೆಕೆಳಗಾಗಿ ಕಾಣುತ್ತದೆ. ಆದರೆ ಸೂರ್ಯನ ಕಡೆ ತಿರುಗಿಸಬಾರದು.

ಹೀಗೆ ಚಿತ್ರ ಬೀಳುವುದು ಹಿಂದಿನಿಂದಲೂ ಗೊತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವುದು ಮಾತ್ರ ಗೊತ್ತಿರಲಿಲ್ಲ. ಫ್ರಾನ್ಸ್ ದೇಶದ ಡಗೇರ್ ಎಂಬುವರು ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಚಿತ್ರ ನಿಲ್ಲಿಸುವ ವಿಧಾನ ಕಂಡುಹಿಡಿದರು. ಅದನ್ನು 1839ರ ಆಗಸ್ಟ್ 19ರಂದು ಎಲ್ಲರಿಗೂ ತಿಳಿಸಲಾಯಿತು. ಅದಕ್ಕೇ ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. ಈಗಿನ ಫೋನಿನಲ್ಲಿ ತಗಡೂ ಇಲ್ಲ, ರೀಲೂ ಇಲ್ಲ. ಬೆಳಕು ಬಿದ್ದರೆ ವಿದ್ಯುತ್ ಆಗಿ ಬದಲಾಗುವ ಸಣ್ಣ ಸಣ್ಣ ಚುಕ್ಕೆಗಳು ಲಕ್ಷಗಟ್ಟಲೆ ಇರುತ್ತವೆ.

ಆಯಸ್ಸು ಕಡಿಮೆ ಆಗುತ್ತದಾ?

ನಮ್ಮ ಕಡೆ ಕೆಲವು ಹಿರಿಯರು "ಫೋಟೊ ತೆಗೆದರೆ ಆಯಸ್ಸು ಕಡಿಮೆ ಆಗತೈತೆ, ಬ್ಯಾಡ" ಎನ್ನುತ್ತಾರೆ. ಅವರನ್ನು ನೋಡಿ ನಗಬಾರದು. ಅವರ ಕಾಲದಲ್ಲಿ ಫೋಟೊ ಕಾಣುತ್ತಿದ್ದದ್ದೇ ಗೋಡೆಯ ಮೇಲೆ ಹಾರ ಹಾಕಿಕೊಂಡು. ಅದಕ್ಕೆ ಹೆದರಿಕೆ.

ಅವರಿಗೆ ಹೀಗೆ ಹೇಳಬಹುದು. ಬಿಸಿಲು ನಿಮ್ಮ ಮುಖದ ಮೇಲೆ ಬೀಳುತ್ತದೆ. ಅದರಲ್ಲಿ ಸ್ವಲ್ಪ ಬೆಳಕು ತಿರುಗಿ ನನ್ನ ಕಣ್ಣಿಗೆ ಬರುತ್ತದೆ, ಅದಕ್ಕೇ ನೀವು ನನಗೆ ಕಾಣುತ್ತೀರಿ. ಅದೇ ಬೆಳಕು ಕ್ಯಾಮರಾಕ್ಕೂ ಬರುತ್ತದೆ. ನಾನು ನೋಡಿದರೆ ನಿಮಗೆ ಏನೂ ಆಗುವುದಿಲ್ಲ ಅಂದಮೇಲೆ ಕ್ಯಾಮರಾ ನೋಡಿದರೂ ಏನೂ ಆಗುವುದಿಲ್ಲ. ಅದು ನಿಮ್ಮಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಹೇಗಿದ್ದರೂ ಬಿಟ್ಟುಬಿಡುತ್ತಿದ್ದ ಬೆಳಕನ್ನು ಹಿಡಿದಿಡುತ್ತದೆ.

ಇಷ್ಟು ಹೇಳಿದ ಮೇಲೂ ಬೇಡ ಅಂದರೆ ಬಲವಂತ ಮಾಡಬೇಡಿ. ಮೊದಲು ಅವರ ಕರುವಿನ ಫೋಟೊ ತೆಗೆದು ತೋರಿಸಿ. ಆಮೇಲೆ ಮೊಮ್ಮಕ್ಕಳದ್ದು ತೋರಿಸಿ. ಆಮೇಲೆ ಕೇಳಿ.

ಮೊದಲು ಬೆಳಕು ನೋಡಿ

ಫೋಟೊ ಚೆನ್ನಾಗಿ ಬರುವುದು ಬೆಳಕಿನಿಂದ. ಫೋನಿನ ಬೆಲೆಯಿಂದ ಅಲ್ಲ. ಈ ಮಾತನ್ನು ಸ್ಟುಡಿಯೋ ಮಾಮ ಮೂರು ಸಲ ಹೇಳಿದರು.

1. ಮಧ್ಯಾಹ್ನ 12 ಗಂಟೆ ಬಿಸಿಲಲ್ಲಿ ಮುಖದ ಫೋಟೊ ಬೇಡ. ಸೂರ್ಯ ನೆತ್ತಿ ಮೇಲೆ ಇರುತ್ತಾನೆ. ಕಣ್ಣಿನ ಗುಳಿ, ಮೂಗಿನ ಕೆಳಗೆ, ಗಲ್ಲದ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಜನ ಕಣ್ಣು ಕಿರಿದು ಮಾಡುತ್ತಾರೆ. ಬೆಳಿಗ್ಗೆ 9ರ ಒಳಗೆ, ಸಂಜೆ ನಾಲ್ಕೂವರೆ ಮೇಲೆ ಬಿಸಿಲು ಓರೆಯಾಗಿ, ಮೆತ್ತಗೆ ಇರುತ್ತದೆ.

2. ಮಧ್ಯಾಹ್ನವೇ ತೆಗೆಯಬೇಕಾದರೆ ನೆರಳಿಗೆ ಕರೆದುಕೊಂಡು ಬನ್ನಿ. ಚಪ್ಪರದ ಕೆಳಗೆ, ಪಡಸಾಲೆಯಲ್ಲಿ, ಗೋಡೆಯ ಮಗ್ಗುಲಲ್ಲಿ ನಿಲ್ಲಿಸಿ. ಮೋಡ ಇರುವ ದಿನ ಮುಖದ ಫೋಟೊಕ್ಕೆ ಬಹಳ ಒಳ್ಳೆಯದು. ಮೋಡ ಅಂದರೆ ಆಕಾಶಕ್ಕೆ ಪರದೆ ಕಟ್ಟಿದ ಹಾಗೆ.

3. ಅಡಿಕೆ ತೋಟದ ನೆರಳು ತಂಪು, ಆದರೆ ಮುಖಕ್ಕೆ ಅಷ್ಟು ಒಳ್ಳೆಯದಲ್ಲ. ಸೋಗೆಯ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಬಿದ್ದು ಮುಖ ಚಿರತೆಯ ಹಾಗೆ ಕಾಣುತ್ತದೆ. ಪೂರ್ತಿ ನೆರಳು ಇರುವ ಜಾಗ ಹುಡುಕಬೇಕು.

ಇಲ್ಲಿ ಒಂದು ಸ್ವಾರಸ್ಯ ಇದೆ. ತೋಟದಲ್ಲಿ ನೆಲದ ಮೇಲೆ ಬೀಳುವ ಆ ಬಿಸಿಲಿನ ಚುಕ್ಕೆಗಳು ಯಾಕೆ ಗುಂಡಗೆ ಇರುತ್ತವೆ? ಎಲೆಗಳ ಸಂದಿ ಗುಂಡಗೆ ಇರುವುದಿಲ್ಲವಲ್ಲ! ಯಾಕೆಂದರೆ ಒಂದೊಂದು ಚಿಕ್ಕ ಸಂದಿಯೂ ಒಂದೊಂದು ಸೂಜಿರಂಧ್ರ. ಒಂದೊಂದು ಚುಕ್ಕೆಯೂ ಸೂರ್ಯನ ಫೋಟೊ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ ಆಗಿತ್ತು. ಕೊಡಗು, ಕಾಸರಗೋಡು ಕಡೆ ಬಳೆಯಂಥ ಕಂಕಣ ಗ್ರಹಣ ಕಂಡಿತು. ನಮ್ಮ ಕಡೆ ಪೂರ್ತಿ ಬಳೆ ಆಗಲಿಲ್ಲ, ಸೂರ್ಯ ಕುಡುಗೋಲಿನ ಹಾಗೆ ಕಂಡ. ಗ್ರಹಣ ಹಿಡಿದಾಗ ಮರದ ಕೆಳಗಿನ ಚುಕ್ಕೆಗಳೂ ಕುಡುಗೋಲಿನ ಹಾಗೇ ಆಗುತ್ತವೆ. ಮುಂದಿನ ಗ್ರಹಣಕ್ಕೆ ನೆಲ ನೋಡಿ, ಆಕಾಶ ನೋಡಬೇಡಿ. ಕಣ್ಣಿಗೂ ಅಪಾಯ ಇಲ್ಲ.

4. ಬಾಗಿಲಿಗೆ, ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಡಿ. ಹಿಂದಿನ ಬೆಳಕು ಜೋರಾಗಿ ಮುಖ ಕಪ್ಪಾಗುತ್ತದೆ. ಬೆಳಕು ಅವರ ಮುಖದ ಮೇಲೆ ಬೀಳಬೇಕು. ಪರದೆಯ ಮೇಲೆ ಮುಖದ ಜಾಗ ಮುಟ್ಟಿದರೆ ಫೋನು ಆ ಮುಖಕ್ಕೆ ಸರಿಯಾಗಿ ಬೆಳಕು ಹೊಂದಿಸಿಕೊಳ್ಳುತ್ತದೆ.

5. ಮುಖದ ಒಂದು ಪಕ್ಕ ಕತ್ತಲೆ ಇದ್ದರೆ ಆ ಪಕ್ಕಕ್ಕೆ ಒಗೆದ ಬಿಳಿ ಪಂಚೆ ಹಿಡಿಯಿರಿ. ಬೆಳಕು ಪಂಚೆಗೆ ತಾಗಿ ಮುಖಕ್ಕೆ ತಿರುಗುತ್ತದೆ. ಇದು ಸುಲಭದ ಉಪಾಯ ಅಂತ ತಾತ್ಸಾರ ಮಾಡಬೇಡಿ. ಮೈಸೂರಿನ ವಿ. ಕೆ. ಮೂರ್ತಿ ಎಂಬುವರು ಹಿಂದಿ ಸಿನಿಮಾಗಳ ದೊಡ್ಡ ಛಾಯಾಗ್ರಾಹಕರು. 1959ರಲ್ಲಿ ಬಂದ 'ಕಾಗಜ್ ಕೆ ಫೂಲ್' ಸಿನಿಮಾಕ್ಕೆ ಅವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಕ್ಕೆ ತಿರುಗಿಸಿ ಬೆಳಕಿನ ಕೋಲು ಬೀಳಿಸಿದರು. ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಅವರ ಕನ್ನಡಿಯೂ ನಮ್ಮ ಪಂಚೆಯೂ ಮಾಡುವ ಕೆಲಸ ಒಂದೇ.

6. ಫ್ಲಾಶ್ ಬೆಳಕು ಎಂಟು ಹತ್ತು ಅಡಿ ಮುಟ್ಟಿದರೆ ಹೆಚ್ಚು. ಶಾಲಾ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಿಂದ ಫ್ಲಾಶ್ ಹಾಕಿದರೆ ಮುಂದೆ ಕೂತವರ ತಲೆಕೂದಲು ಮಾತ್ರ ಬೆಳ್ಳಗೆ ಕಾಣುತ್ತದೆ, ವೇದಿಕೆ ಕಾಣುವುದಿಲ್ಲ.

ಕೈ ಅಲುಗಬಾರದು

ಮಸುಕಾದ ಫೋಟೊಕ್ಕೆ ಎರಡು ಮುಖ್ಯ ಕಾರಣ. ಒಂದು, ಗಾಜು ಕೊಳಕಾಗಿರುವುದು. ಫೋನನ್ನು ನಾವು ಎಣ್ಣೆ ಕೈಯಲ್ಲಿ ಮುಟ್ಟುತ್ತೇವೆ. ಅಡಿಕೆ ಸುಲಿಯುವ ಕಾಲದಲ್ಲಂತೂ ಕೈಗೆಲ್ಲ ಕರೆ. ಅದೇ ಕೈ ಕ್ಯಾಮರಾದ ಗಾಜಿಗೂ ತಾಗಿ ಮಂಜು ಮುಸುಕಿದ ಹಾಗೆ ಫೋಟೊ ಬರುತ್ತದೆ. ಮೆತ್ತನೆ ಒಣ ಹತ್ತಿ ಬಟ್ಟೆಯಿಂದ ನಿಧಾನವಾಗಿ ಒರೆಸಿ. ಮಣ್ಣು ಇದ್ದರೆ ಮೊದಲು ಊದಿ, ಆಮೇಲೆ ಒರೆಸಿ. ಇಲ್ಲದಿದ್ದರೆ ಗಾಜಿಗೆ ಗೀರು ಬೀಳುತ್ತದೆ.

ಎರಡನೆಯದು, ಕೈ ಅಲುಗುವುದು. ಬೆಳಕು ಕಡಿಮೆ ಇದ್ದರೆ ಕ್ಯಾಮರಾ ಕಿಂಡಿಯನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಇದಕ್ಕೆ ಒಂದು ಲೆಕ್ಕ ಮಾಡೋಣ. ಒಬ್ಬರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಾರೆ. ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರ್. ಕ್ಯಾಮರಾ ಸೆಕೆಂಡಿನ 30ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಅವರು ಸುಮಾರು 4.6 ಸೆಂಟಿಮೀಟರ್ ಮುಂದೆ ಹೋಗಿರುತ್ತಾರೆ. ಫೋಟೊದಲ್ಲಿ ಮೂಗು ಇದ್ದ ಜಾಗದಲ್ಲಿ ಕೆನ್ನೆ! ಒಳ್ಳೆ ಬಿಸಿಲಿನಲ್ಲಿ ಸೆಕೆಂಡಿನ 500ನೇ ಒಂದು ಭಾಗ ಮಾತ್ರ ತೆರೆದಿರುತ್ತದೆ ಅಂದುಕೊಳ್ಳಿ. ಆಗ ಅವರು ಸರಿಯುವುದು 3 ಮಿಲಿಮೀಟರಿಗಿಂತ ಕಡಿಮೆ. ಫೋಟೊ ಚೊಕ್ಕ. ಸಂಜೆ ಹೊತ್ತು ಕಬಡ್ಡಿ ಆಟದ ಫೋಟೊ ಯಾಕೆ ಮಸುಕು ಎಂದು ಈಗ ಗೊತ್ತಾಯಿತಲ್ಲ.

ಇದಕ್ಕೆ ಉಪಾಯ: ಫೋನನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಗೋಡೆಗೋ ಮರಕ್ಕೋ ಒರಗಿ ನಿಲ್ಲಿ. ಉಸಿರು ಒಂದು ಕ್ಷಣ ಬಿಗಿಹಿಡಿದು ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಕೈ ಇಳಿಸಬೇಡಿ, ಒಂದು ಎರಡು ಎಣಿಸಿ.

ಹತ್ತಿರ ಹೋಗಿ, ಹಿಂದೆ ನೋಡಿ

ದೂರ ನಿಂತು ಬೆರಳಿನಿಂದ ಪರದೆ ಹಿಗ್ಗಿಸುವುದು ಒಳ್ಳೆಯದಲ್ಲ. ಬಹಳ ಫೋನುಗಳಲ್ಲಿ ಅದು ಫೋಟೊದ ನಡುವಿನ ತುಂಡನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ, ಅಷ್ಟೇ. ಕಾಲು ಇದ್ದರೆ ನಾಲ್ಕು ಹೆಜ್ಜೆ ನಡೆದು ಹೋಗಿ. ಹಾಗಂತ ಮುಖದ ಹತ್ತಿರಕ್ಕೇ ಹಿಡಿದರೆ ಮೂಗು ದಪ್ಪಗೆ, ಕಿವಿ ಸಣ್ಣಗೆ ಕಾಣುತ್ತದೆ. ನಾಲ್ಕೈದು ಅಡಿ ಸರಿಯಾದ ದೂರ.

ಒತ್ತುವ ಮುಂಚೆ ಹಿಂದೆ ಏನಿದೆ ನೋಡಿ. ತಲೆ ಮೇಲೆ ಲೈಟು ಕಂಬ ಹುಟ್ಟಿದ ಹಾಗೆ ಇರಬಾರದು. ಬಟ್ಟೆ ಒಣಗಿಸುವ ಹಗ್ಗ ಕುತ್ತಿಗೆ ಕತ್ತರಿಸಿದ ಹಾಗೆ ಇರಬಾರದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಎಲ್ಲ ಸರಿಹೋಗುತ್ತದೆ.

ಚಿಕ್ಕ ಮಕ್ಕಳ, ಕುರಿಮರಿಯ, ಕರುವಿನ ಫೋಟೊ ತೆಗೆಯುವಾಗ ನೆಲಕ್ಕೆ ಕೂತುಕೊಳ್ಳಿ. ನಿಂತು ತೆಗೆದರೆ ಮಕ್ಕಳ ನೆತ್ತಿ ಮಾತ್ರ ಬರುತ್ತದೆ. ಅವರ ಕಣ್ಣಿನ ಮಟ್ಟಕ್ಕೆ ಫೋನ್ ಇರಬೇಕು.

ಫೋನಿನ ಕ್ಯಾಮರಾದಲ್ಲಿ ಗೆರೆಗಳು ಕಾಣುವ ಹಾಗೆ ಮಾಡಿಕೊಳ್ಳಬಹುದು. ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ, ಒಟ್ಟು ಒಂಬತ್ತು ಮನೆ. ಯಾವಾಗಲೂ ನಟ್ಟ ನಡುವೆ ಇಡುವ ಬದಲು ಗೆರೆಗಳು ಕೂಡುವ ಜಾಗಕ್ಕೆ ಮುಖ ಬರುವ ಹಾಗೆ ಇಟ್ಟು ನೋಡಿ. ನೇಗಿಲು ಹೂಡಿ ಹೊರಟವರು ಎಡಗಡೆಯಿಂದ ಬಲಗಡೆಗೆ ಹೋಗುತ್ತಿದ್ದರೆ ಬಲಗಡೆ ಜಾಗ ಬಿಡಬೇಕು. ಅವರು ಹೋಗಲು ದಾರಿ ಬೇಕಲ್ಲ!

ಅಜ್ಜಿಯ ಫೋಟೊ ತೆಗೆಯುವ ಕ್ರಮ

ಇದನ್ನು ಎಲ್ಲರೂ ಮಾಡಬೇಕೆಂದು ಕ್ರಮವಾಗಿ ಬರೆದಿದ್ದೇನೆ.

1. ಮೊದಲು ಕೇಳಿ. "ಅಜ್ಜೀ, ಒಂದು ಫೋಟೊ ತೆಗೀತೀನಿ, ಯಾವ ಸೀರೆ ಉಟ್ಕಂತೀಯಾ?" ಎಂದು ಕೇಳಿದರೆ ಅವರಿಗೂ ಖುಷಿ. ಅವರು ಆರಿಸಿದ ಸೀರೆಯೇ ಸರಿ.

2. ಬೆಳಿಗ್ಗೆ ಅಥವಾ ಸಂಜೆ, ಪಡಸಾಲೆಯ ಬಾಗಿಲ ಹತ್ತಿರ ಕೂರಿಸಿ. ಬೆಳಕು ಸ್ವಲ್ಪ ಪಕ್ಕದಿಂದ ಬೀಳಲಿ. ಪಕ್ಕದ ಬೆಳಕಿನಲ್ಲಿ ಮುಖದ ಗೆರೆಗಳು ಚೆನ್ನಾಗಿ ಕಾಣುತ್ತವೆ. ಆ ಗೆರೆಗಳನ್ನು ಫೋನಿನ ಬ್ಯೂಟಿ ಬಟನ್ ಒತ್ತಿ ಅಳಿಸಬೇಡಿ. ಅಜ್ಜಿ ಅಂದರೆ ಆ ಗೆರೆಗಳೇ.

3. ಹಿಂದೆ ಖಾಲಿ ಗೋಡೆ ಇರಲಿ. ಟಿ.ವಿ., ಕ್ಯಾಲೆಂಡರ್, ಬಕೆಟ್ ಬೇಡ.

4. ಕೈಗೆ ಅವರ ದಿನದ ಕೆಲಸ ಕೊಡಿ. ಹೂ ಕಟ್ಟುವುದು, ಎಲೆ ಅಡಿಕೆ ಹಾಕಿಕೊಳ್ಳುವುದು, ಅಕ್ಕಿ ಆರಿಸುವುದು. ಸುಮ್ಮನೆ ಕೂರು ಅಂದರೆ ಬಿಗಿದುಕೊಂಡು ಕೂರುತ್ತಾರೆ.

5. ಅವರು ಬಿಗಿದುಕೊಂಡಿದ್ದರೆ ಮಾತಾಡಿಸಿ. "ನಿನ್ನ ಮದುವಿ ಎಲ್ಲಾಗಿತ್ತು? ಗಾಡಿಯಾಗೆ ಬಂದ್ರಾ?" ಅಂತ ಕೇಳಿ. ಹೇಳುತ್ತಾ ಹೇಳುತ್ತಾ ಮುಖ ಸಡಿಲ ಆಗುತ್ತದೆ. ಆಗ ಒತ್ತಿ.

6. ಒಂದೇ ಅಲ್ಲ, ಹತ್ತು ತೆಗೆಯಿರಿ. ಆಮೇಲೆ ಅವರಿಗೇ ತೋರಿಸಿ ಒಂದು ಆರಿಸಲು ಹೇಳಿ.

7. ಆರಿಸಿದ್ದನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ.

ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಎಂಬುವರು ದೇಶಕ್ಕೆಲ್ಲ ಹೆಸರಾದ ಪತ್ರಿಕಾ ಛಾಯಾಗ್ರಾಹಕರು. ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. ಅವರು ದೊಡ್ಡ ಮನುಷ್ಯರ ಫೋಟೊ ಮಾತ್ರ ತೆಗೆಯಲಿಲ್ಲ. ಬೀದಿಯಲ್ಲಿ ಆಡುವ ಮಕ್ಕಳು, ಕೆಲಸ ಮಾಡುವ ಹೆಂಗಸರು, ಸಾಮಾನ್ಯ ಜನರನ್ನು ತೆಗೆದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೊಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಆದ್ದರಿಂದ ಅಡಿಕೆ ಸುಲಿಯುವ ನಮ್ಮ ಅವ್ವಂದಿರು, ಹಂಡೆಯಲ್ಲಿ ಅಡಿಕೆ ಬೇಯಿಸುವಾಗ ಏಳುವ ಆವಿ, ಇವೂ ಫೋಟೊ ತೆಗೆಯಲು ಯೋಗ್ಯವಾದವೇ.

ಗುಂಪಿನ ಫೋಟೊ

ಗಿಡ್ಡ ಇರುವವರು ಮುಂದೆ ಕೂರಲಿ, ಉದ್ದ ಇರುವವರು ಹಿಂದೆ ನಿಲ್ಲಲಿ. ಎಲ್ಲರೂ ಹತ್ತಿರ ಹತ್ತಿರ ನಿಲ್ಲಬೇಕು. ಕಣ್ಣಿಗೆ ಸ್ವಲ್ಪ ಜಾಗ ಕಂಡರೆ ಫೋಟೊದಲ್ಲಿ ಬಹಳ ಜಾಗ ಕಾಣುತ್ತದೆ. ಮನುಷ್ಯರು ನಿಮಿಷಕ್ಕೆ ಸುಮಾರು ಹದಿನೈದು ಸಲ ಕಣ್ಣು ಮಿಟುಕಿಸುತ್ತಾರೆ. ಇಪ್ಪತ್ತು ಜನ ಇದ್ದರೆ ಯಾರಾದರೂ ಒಬ್ಬರು ಮುಚ್ಚಿಯೇ ಇರುತ್ತಾರೆ. ಉಪಾಯ ಏನೆಂದರೆ, ಎಲ್ಲರೂ ಕಣ್ಣು ಮುಚ್ಚಿ ಅಂತ ಹೇಳಿ, ಒಂದು ಎರಡು ಮೂರು ಅಂದಾಗ ಒಟ್ಟಿಗೆ ತೆರೆಯಲು ಹೇಳಿ. ಆಗ ಬೇಗ ಬೇಗ ನಾಲ್ಕೈದು ಫೋಟೊ ತೆಗೆಯಿರಿ.

ಇನ್ನೊಂದು ಮಾತು. ಮದುವೆ, ಹಬ್ಬದ ಫೋಟೊಗಳಲ್ಲಿ ಅಡುಗೆ ಮನೆಯಲ್ಲಿ ಇರುವವರು ಬರುವುದೇ ಇಲ್ಲ. ಹಂಗೇ ಯಾವಾಗಲೂ ಫೋಟೊ ತೆಗೆಯುವವರೂ ಬರುವುದಿಲ್ಲ. ಒತ್ತುವ ಮುಂಚೆ "ಯಾರು ಬಂದಿಲ್ಲ?" ಅಂತ ಒಂದು ಸಲ ಕೇಳಿ.

ನಮ್ಮ ಸುತ್ತಮುತ್ತಲಿನ ಜಾಗಗಳು

ಸಂತೆಬೆನ್ನೂರಿನ ಪುಷ್ಕರಣಿ: ಹನುಮಪ್ಪ ನಾಯಕರು ಕಟ್ಟಿಸಿದ್ದು. ನೀರಿನ ನಡುವೆ ವಸಂತ ಮಂಟಪ ಇದೆ. ಗಾಳಿ ಇಲ್ಲದ ಬೆಳಿಗ್ಗೆ ಹೊತ್ತು ಫೋನನ್ನು ಕೆಳಮಟ್ಟದಲ್ಲಿ ಹಿಡಿದರೆ ನೀರಿನಲ್ಲಿ ಇನ್ನೊಂದು ಮಂಟಪ ಕಾಣುತ್ತದೆ. ಮೆಟ್ಟಿಲ ಮೇಲೆ ಒಬ್ಬರನ್ನು ನಿಲ್ಲಿಸಿದರೆ ಹೊಂಡ ಎಷ್ಟು ದೊಡ್ಡದು ಅಂತ ನೋಡುವವರಿಗೆ ಗೊತ್ತಾಗುತ್ತದೆ.

ಸೂಳೆಕೆರೆ: ಶಾಂತಿಸಾಗರ ಅಂತಲೂ ಕರೆಯುತ್ತಾರೆ. ಇಡೀ ಕೆರೆ ಒಂದು ಫೋಟೊದಲ್ಲಿ ಹಿಡಿಸುವುದಿಲ್ಲ. ಹತ್ತಿರದ ಒಂದು ಮರದ ಕೊಂಬೆಯೋ ಏರಿಯ ಕಲ್ಲೋ ಮುಂದೆ ಬರುವ ಹಾಗೆ ತೆಗೆದರೆ ಕೆರೆಯ ದೂರ ತಿಳಿಯುತ್ತದೆ. ನೀರು ಓರೆಯಾಗಿ ಕಾಣಬಾರದು, ನೀರಿನ ಗೆರೆ ಪರದೆಯ ಅಡ್ಡ ಗೆರೆಗೆ ಸಮ ಇರಲಿ.

ಚನ್ನಗಿರಿ ಕೋಟೆ: ಗುಡ್ಡದ ಮೇಲೆ ಬೆಟ್ಟದ ರಂಗನಾಥಸ್ವಾಮಿ ದೇವಸ್ಥಾನ ಇದೆ. ಮೇಲಿಂದ ಊರೂ ತೋಟಗಳೂ ಕಾಣುತ್ತವೆ. ಮಳೆ ಬಂದು ನಿಂತ ಮಾರನೆ ದಿನ ಹೋದರೆ ಧೂಳು ಇರುವುದಿಲ್ಲ, ಬಹಳ ದೂರ ಸ್ಪಷ್ಟ.

ಎಚ್ಚರಿಕೆ: ಪಾಚಿ ಕಟ್ಟಿದ ಮೆಟ್ಟಿಲು, ಕೋಟೆ ಗೋಡೆಯ ತುದಿ, ನೀರಿನ ಅಂಚು, ಇಲ್ಲಿ ನಿಂತು ಸೆಲ್ಫಿ ಬೇಡ. ಪರದೆ ನೋಡುತ್ತಾ ಹಿಂದಕ್ಕೆ ನಡೆಯಬೇಡಿ. ಹಿಂದಕ್ಕೆ ಹೋಗಬೇಕಾದರೆ ಮೊದಲು ತಿರುಗಿ ನೋಡಿ. ಫೋಟೊ ಮತ್ತೆ ತೆಗೆಯಬಹುದು.

ಜಾಗದ ಫೋಟೊ ಯಾಕೆ ಬೇಕು ಎನ್ನುವುದಕ್ಕೆ ಒಂದು ಉದಾಹರಣೆ. 50 ರೂಪಾಯಿಯ ಹೊಸ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ. ಈಗ ಅದರ ಮೇಲ್ಭಾಗ ಚಪ್ಪಟೆ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪಿಗೆ ಬಂದು ಕಾಗದದ ನೆಗೆಟಿವ್ ಮೇಲೆ ಫೋಟೊ ತೆಗೆದಿದ್ದರು. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ! ಆಮೇಲೆ ಅದು ಹೋಯಿತು. ಆ ಫೋಟೊ ಇಲ್ಲದಿದ್ದರೆ ರಥ ಮೊದಲಿನಿಂದ ಹೀಗೇ ಇತ್ತು ಅಂದುಕೊಳ್ಳುತ್ತಿದ್ದೆವು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬುವರು ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಫೋಟೊ ತೆಗೆದರು. ನಾವೂ ಹಂಗೆ ಮಾಡಬಹುದು. ನಮ್ಮ ಶಾಲೆ, ಊರ ಬಾವಿ, ಅರಳಿಕಟ್ಟೆ, ಇವನ್ನು ಪ್ರತಿ ವರ್ಷ ಆಗಸ್ಟ್ 15ಕ್ಕೆ ಒಂದೇ ಜಾಗದಲ್ಲಿ ನಿಂತು ತೆಗೆದರೆ ಹತ್ತು ವರ್ಷಕ್ಕೆ ಊರಿನ ಚರಿತ್ರೆ ಆಗುತ್ತದೆ.

ಹಳೆ ಫೋಟೊ ಕಾಪಾಡುವುದು

1. ಬಿಸಿಲು ಬೀಳುವ ಗೋಡೆಗೆ ಫೋಟೊ ಹಾಕಬೇಡಿ, ಬಣ್ಣ ಹಾರುತ್ತದೆ. ಮಳೆಗಾಲದಲ್ಲಿ ತೇವ ಬರುವ ಗೋಡೆಗೂ ಬೇಡ. ಬೂಷ್ಟು ಹಿಡಿಯುತ್ತದೆ, ಗೆದ್ದಲೂ ಬರುತ್ತದೆ.

2. ಕುಂಕುಮ, ಗಂಧವನ್ನು ಗಾಜಿನ ಮೇಲೆ ಇಡಿ. ಗಾಜು ಒಡೆದಿದ್ದರೆ ಬೇಗ ಬದಲಾಯಿಸಿ. ಒಡೆದ ಸಂದಿಯಿಂದ ನೀರು ಇಳಿದು ಫೋಟೊ ಗಾಜಿಗೆ ಅಂಟುತ್ತದೆ. ಅಂಟಿದ್ದನ್ನು ಎಳೆದು ಕೀಳಬೇಡಿ, ಗಾಜಿನ ಸಮೇತ ಇಟ್ಟು ಮೇಲಿಂದ ಒಂದು ಫೋಟೊ ತೆಗೆಯಿರಿ.

3. ಹಳೆ ಫೋಟೊವನ್ನು ಫೋನಿನಲ್ಲಿ ನಕಲು ಮಾಡುವಾಗ ಫ್ಲಾಶ್ ಬೇಡ. ನೆರಳಿನಲ್ಲಿ ನೆಲದ ಮೇಲೆ ಇಟ್ಟು, ಫೋನನ್ನು ಅದಕ್ಕೆ ಸಮವಾಗಿ ಹಿಡಿದು ಮೇಲಿಂದ ತೆಗೆಯಿರಿ.

4. ಬೆನ್ನಿನ ಮೇಲೆ ಹೆಸರು, ಊರು, ವರ್ಷ ಬರೆಯಿರಿ. ಪೆನ್ಸಿಲ್‌ನಲ್ಲಿ ಮೆಲ್ಲಗೆ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಹೆಸರು ಇಲ್ಲದ ಫೋಟೊ ಎರಡು ತಲೆಮಾರು ಆದಮೇಲೆ ಯಾರದೋ ಫೋಟೊ ಆಗಿಬಿಡುತ್ತದೆ. ಗೊತ್ತಿರುವವರು ಇದ್ದಾಗಲೇ ಕೇಳಿ ಬರೆಯಬೇಕು.

5. ವರ್ಷ ಗೊತ್ತಿಲ್ಲದಿದ್ದರೆ ಗುರುತು ಹುಡುಕಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚೆ ನಮ್ಮ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿ ಇದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಫೋಟೊದ ಹಿಂದಿನ ಬೋರ್ಡಿನಲ್ಲೋ ಸ್ಟುಡಿಯೋ ಸೀಲಿನಲ್ಲೋ 'ಚನ್ನಗಿರಿ, ಶಿವಮೊಗ್ಗ ಜಿಲ್ಲೆ' ಅಂತ ಇದ್ದರೆ ಅದು 1997ಕ್ಕಿಂತ ಹಳೆಯದು ಇರಬಹುದು ಎಂದು ಊಹಿಸಬಹುದು.

6. ಫೋನಿನಲ್ಲಿ ಇರುವ ಫೋಟೊ ಫೋನು ನೀರಿಗೆ ಬಿದ್ದರೆ ಹೋಯಿತು. ಮುಖ್ಯವಾದದ್ದನ್ನು ಎರಡು ಕಡೆ ಇಡಿ. ಒಂದು ಪ್ರಿಂಟ್, ಇನ್ನೊಂದು ಬೇರೆ ಫೋನಿನಲ್ಲೋ ಪೆನ್ ಡ್ರೈವಿನಲ್ಲೋ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಫೋಟೊ ಚಿಕ್ಕದಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ.

ಕೇಳಿ ತೆಗೆಯಿರಿ

ಯಾರ ಫೋಟೊವನ್ನೂ ಅವರಿಗೆ ಗೊತ್ತಿಲ್ಲದೆ ತೆಗೆಯಬಾರದು. ಮುಖ್ಯವಾಗಿ ಹುಡುಗಿಯರ ಫೋಟೊ ತೆಗೆದು ಗ್ರೂಪಿಗೆ ಹಾಕುವುದು ತಪ್ಪು. ಯಾರಾದರೂ ಬಿದ್ದಾಗ, ಅಳುವಾಗ, ಕುಡಿದು ಮಲಗಿದಾಗ ತೆಗೆದು ನಗುವುದೂ ತಪ್ಪು. ಅಳಿಸು ಅಂದರೆ ಅವರ ಎದುರಿಗೇ ಅಳಿಸಿ. ಹಕ್ಕಿ ಗೂಡಿನ ಹತ್ತಿರ ಹೋಗಬೇಡಿ, ತಾಯಿ ಹಕ್ಕಿ ಹೆದರಿ ಗೂಡು ಬಿಡಬಹುದು. ಲೇಖಕರಾದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಇದ್ದುಕೊಂಡು ಹಕ್ಕಿಗಳ ಫೋಟೊ ತೆಗೆಯುತ್ತಿದ್ದರು. ಹಕ್ಕಿ ಫೋಟೊಕ್ಕೆ ಕ್ಯಾಮರಾಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ.

ನನ್ನ ಒಂದು ಸಲಹೆ

ನಾವೆಲ್ಲ ಸೇರಿ ಒಂದು ಕೆಲಸ ಮಾಡೋಣ. ಪ್ರತಿಯೊಬ್ಬರೂ ಮನೆಯ ಅತಿ ಹಿರಿಯರ ಒಂದು ಫೋಟೊ ತೆಗೆಯಬೇಕು. ಮನೆಯಲ್ಲಿ ಫೋನ್ ಇಲ್ಲದವರಿಗೆ ಇದ್ದವರು ಹೋಗಿ ತೆಗೆದುಕೊಡಬೇಕು. ಮನೆಯಲ್ಲಿ ಹಿರಿಯರು ಇಲ್ಲದವರು ಬೀದಿಯಲ್ಲಿ ಒಬ್ಬರೇ ಇರುವ ಅಜ್ಜ ಅಜ್ಜಿಯರ ಫೋಟೊ ತೆಗೆಯಬಹುದು. ಪ್ರಿಂಟಿನ ಹಿಂದೆ ಅವರ ಹೆಸರು, ಹುಟ್ಟಿದ ಊರು, ಮಾಡಿದ ಕೆಲಸ ಬರೆಯೋಣ. ಒಪ್ಪಿದವರದ್ದನ್ನು ಮಾತ್ರ ಮುಂದಿನ ಗೋಡೆ ಪತ್ರಿಕೆಯಲ್ಲಿ ಅಂಟಿಸೋಣ. ಮುಖ್ಯೋಪಾಧ್ಯಾಯರು ಒಪ್ಪಿದರೆ ಅವರನ್ನೇ ಶಾಲೆಗೆ ಕರೆದು ತೋರಿಸೋಣ.

ಈಗ ಅಡಿಕೆ ಕೊಯ್ಲು ಮುಗಿಯುತ್ತಾ ಬಂತು, ಮನೆಯವರಿಗೂ ಸ್ವಲ್ಪ ಬಿಡುವು. ಈ ಭಾನುವಾರ ಸಂಜೆಯೇ ಶುರು ಮಾಡಿ. ಸಂಶಯ ಇದ್ದರೆ ಊಟದ ಬಿಡುವಿನಲ್ಲಿ ನನ್ನನ್ನು ಕೇಳಿ. ಲೇಖನದಲ್ಲಿ ತಿದ್ದುವುದು ಇದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ಪಕ್ಕದಲ್ಲೇ ಬರೆಯಬೇಕಾಗಿ ವಿನಂತಿ.



— 7ನೇ ತರಗತಿ ವಿದ್ಯಾರ್ಥಿನಿ